ಹಲ್ಲಿನ ಆಸ್ಪತ್ರೆಯ ಫೋನ್ ಎತ್ತುವ ಯಂತ್ರಕ್ಕೆ

...ಕ್ಷಮಿಸಬೇಕು, ಮತ್ತೆ ಮೊದಲಿನಿಂದಲೇ ಹೇಳುತ್ತೇನೆ. ಕಳೆದ ಸಲ ನಾನಿನ್ನೂ ನಮಸ್ಕಾರವನ್ನೇ ಮುಗಿಸಿರಲಿಲ್ಲ, ತಾವು ‘ಬೀಪ್’ ಎಂದು ಬಾಗಿಲು ಹಾಕಿಕೊಂಡಿರಿ. ಮಾನ್ಯ ಯಂತ್ರದವರೇ, ಹಲ್ಲಿನ ಆಸ್ಪತ್ರೆಯ ಫೋನನ್ನು ಹಗಲಿರುಳೆನ್ನದೆ ಎತ್ತುವ ತಮಗೆ, ಸೈನ್ಯದಲ್ಲಿರುವ ಹೆಂಡತಿಯ ಹಿಂದೆ ಊರೂರು ಸುತ್ತುವ ಗಂಡನೊಬ್ಬನ ಸಾದರ ಪ್ರಣಾಮಗಳು. ತಮ್ಮಲ್ಲಿ ಬಿಟ್ಟ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂದು ಕೌಂಟರಿನವರೇ ಹೇಳಿದ್ದರಿಂದ, ಇದನ್ನು ಬಹಿರಂಗ ಪತ್ರವೆಂದು ತಿಳಿದು ನಮ್ಮ ಕ್ವಾರ್ಟರ್ಸಿನ ವಾಟ್ಸಾಪ್ ಗುಂಪಿಗೂ ಹಾಕುತ್ತಿದ್ದೇನೆ.

ವಿಷಯ ನನ್ನ ಮಗಳ ಬಾಯಿಯದು. ಹಲ್ಲಿಗೆ ತಂತಿ ಕಟ್ಟಿದ ಡಾಕ್ಟರು ಹಿಂದಿನ ಊರಿನಲ್ಲೇ ಉಳಿದರು, ತಂತಿ ಮಾತ್ರ ವರ್ಗವಾಗಿ ನಮ್ಮ ಜೊತೆ ಬಂತು, ಈಗ ಅದರ ತುದಿ ಬಿಚ್ಚಿಕೊಂಡು ಕೆನ್ನೆಯ ಒಳಗೆ ಚುಚ್ಚುತ್ತಿದೆ. ಹುಡುಗಿ ತಣ್ಣನೆಯ ಹಾಲಿನ ಮೇಲೆ ದಿನ ದೂಡುತ್ತಿದ್ದಾಳೆ. ಮಾತಿನಲ್ಲಿ ನನ್ನನ್ನೂ ಮೀರಿಸಿದವಳು ಕೇಳಿದ್ದಕ್ಕೆಲ್ಲ ಬರೀ ತಲೆಯಾಡಿಸಿದರೆ, ಮನೆಯಲ್ಲಿ ನಲ್ಲಿ ತೊಟ್ಟಿಕ್ಕುವುದೂ ಕೇಳಿಸುತ್ತದೆ, ಸ್ವಾಮಿ.

ಪಕ್ಕದ ಬೀದಿಯ ಡಾಕ್ಟರು ಬಾಯೊಳಗೆ ಇಣುಕಿ, “ಕಟ್ಟಿದವರೇ ಬಿಚ್ಚಬೇಕ್ರೀ, ಇನ್ನೊಬ್ಬರ ಕೆಲಸಕ್ಕೆ ನಾನು ಕೈ ಹಾಕಲ್ಲ” ಎಂದರು. ಅವರ ವೃತ್ತಿಧರ್ಮಕ್ಕೆ ಕೈಮುಗಿದೆ. ಕೈ ಹಾಕಿದವರ ಕಥೆಯೂ ನನಗೆ ಗೊತ್ತು: ಒಂದು ಊರಿನ ಡಾಕ್ಟರು ಎಡಕ್ಕೆಳೆದದ್ದನ್ನು ಇನ್ನೊಂದು ಊರಿನವರು “ಯಾರ್ರೀ ಹೀಗೆ ಕಟ್ಟಿದ್ದು?” ಎನ್ನುತ್ತ ಬಲಕ್ಕೆಳೆದು, ಪಾಪ, ಮಗಳ ಕೋರೆಹಲ್ಲು ನಮ್ಮಷ್ಟೇ ಊರು ಸುತ್ತಿದೆ.

ಇನ್ನು ತಮ್ಮ ಸರದಿಪಟ್ಟಿ. ನನ್ನ ಹೆಂಡತಿ ಎಲ್ಲಿಗೆ ಹೋದರೂ ಅವಳ ಸೇವಾ ಹಿರಿತನ ಜೊತೆಗೇ ಬರುತ್ತದೆ; ಮಗಳು ಸರದಿಯಲ್ಲಿ ಕಾದು ಗಳಿಸಿದ ಹಿರಿತನ ಮಾತ್ರ ಸಾಮಾನಿನ ಲಾರಿ ಹತ್ತುವುದೇ ಇಲ್ಲ. ಹೊಸ ಊರಿನಲ್ಲಿ ಅವಳು ಮತ್ತೆ ಸಾಲಿನ ಬಾಲ, ಸರದಿ ಹತ್ತಿರ ಬಂತೆನ್ನುವಾಗ ನಾವು ಟ್ರಂಕಿಗೆ ಬೀಗ ಹಾಕುತ್ತಿರುತ್ತೇವೆ. ಆದರೂ ತಾವು ‘ನಿಮ್ಮ ಕರೆ ನಮಗೆ ಅಮೂಲ್ಯ’ ಎನ್ನುವಾಗಿನ ಆ ಅಕ್ಕರೆ ಇದೆಯಲ್ಲ, ಅಷ್ಟು ಪ್ರೀತಿಯಿಂದ ನನ್ನ ಅತ್ತೆಯೂ ನನ್ನೊಡನೆ ಮಾತಾಡಿದವರಲ್ಲ. ಆದ್ದರಿಂದ ನನ್ನ ವಿನಂತಿ ಇಷ್ಟೇ: ತಾವೇ ಸೈನ್ಯಕ್ಕೆ ಸೇರಿಬಿಡಿ. ಎಷ್ಟು ಗೋಗರೆದರೂ ಜಗ್ಗದ ತಮ್ಮಂಥ ಸಿಪಾಯಿ ಇಡೀ ದಂಡಿನಲ್ಲಿಲ್ಲ. ನಮ್ಮ ಜೊತೆಗೇ ವರ್ಗವಾಗಿ ಬನ್ನಿ, ಮಗಳ ಸರದಿಯೂ ತಮ್ಮ ಹೊಟ್ಟೆಯೊಳಗೆ ಭದ್ರವಾಗಿ ಬರುತ್ತದೆ. ಅದಾಗದಿದ್ದರೆ, ಹಲ್ಲುಗಳು ವರ್ಗಾವಣೆಯ ಆದೇಶ ನೋಡಿಕೊಂಡೇ ನೋಯತಕ್ಕದ್ದು ಎಂದು ಒಂದು ಸುತ್ತೋಲೆಯನ್ನಾದರೂ ಹೊರಡಿಸಿ.

ಒಂದನ್ನು ಒತ್ತಿ, ಎರಡನ್ನು ಒತ್ತಿ, ಬೆರಳು ಸವೆಸಿಕೊಂಡ
ತಮ್ಮ ವಿಶ್ವಾಸಿ,
ತಂತಿ ಹುಡುಗಿಯ ಅಪ್ಪ

ತಾ.ಕ.: ತಾವಿನ್ನು ಆತುರ ಮಾಡಿಕೊಳ್ಳಬೇಕಾಗಿಲ್ಲ, ಮೊದಲೂ ಮಾಡಿಕೊಂಡವರಲ್ಲ. ನನ್ನ ಹೆಂಡತಿ ದಂಡಿನಲ್ಲಿ ಟೆಲಿಫೋನ್ ತಂತಿಗಳನ್ನು ಕತ್ತರಿಸಿ ಜೋಡಿಸುವವಳು, ಈಗಷ್ಟೇ ಕಟಿಂಗ್ ಪ್ಲೇಯರನ್ನು ಕುದಿಯುವ ನೀರಿನಿಂದ ತೆಗೆದಳು. ತುದಿಯಷ್ಟೇ ಕತ್ತರಿಸುವುದಂತೆ. ಮಗಳು ಕಿಟಕಿಯ ಹತ್ತಿರ ಬಾಯಿ ತೆರೆದು, ಕಣ್ಣು ಮುಚ್ಚಿ ಕೂತಿದ್ದಾಳೆ. ಇವಳಮ್ಮ ಪ್ಲೇಯರನ್ನು ಮೂರನೆಯ ಸಲ ಒರೆಸುತ್ತಿದ್ದಾಳೆ...

“ಏನ್ರೀ, ಆ ಯಂತ್ರದ ಹತ್ರ ಮಾತಾಡಿದ್ದು ಸಾಕು. ಬಂದು ಟಾರ್ಚ್ ಹಿಡೀರಿ.”

ಬಂದೆ ಕಣೇ. ಇಡುತ್ತೇನೆ.