ಮೇಘದುರ್ಗದ ತಪ್ಪುಗಳ ಪಟ್ಟಿ

ಅಭಿಮಾನಿ ಎಂದರೆ ತಾನು ಮೆಚ್ಚಿದ್ದನ್ನು ಸದಾ ಹೊಗಳುತ್ತಿರುವವನು ಎಂದು ನೀವು ತಿಳಿದಿದ್ದರೆ, ನಿಮಗೆ ಇನ್ನೂ ಸರಿಯಾದ ಅಭಿಮಾನಿಯ ಸಹವಾಸವಾಗಿಲ್ಲ ಎಂದೇ ಅರ್ಥ. ಅಪ್ಪಟ ಅಭಿಮಾನಿ ಹೊಗಳುವುದು ಅಪರೂಪ. ಅವನ ಕೆಲಸ ಕಾವಲು. ತಾನು ಮೆಚ್ಚಿದ್ದನ್ನು ಬೇರೆಯವರು ತಪ್ಪು ತಪ್ಪಾಗಿ ಮೆಚ್ಚದಂತೆ ನೋಡಿಕೊಳ್ಳುವುದರಲ್ಲೇ ಅವನ ಆಯುಷ್ಯ ಕಳೆಯುತ್ತದೆ. ನಾನು ಈ ಜಾತಿಗೆ ಸೇರಿದವನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ನೌಕರಿಯೂ ಇದಕ್ಕೆ ಗೊಬ್ಬರ ಹಾಕಿತು. ಪೀಣ್ಯದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ, ಬಂದ ಮಾಲನ್ನು ತಿರುಗಿಸಿ ಮುರುಗಿಸಿ ನೋಡಿ 'ರಿಜೆಕ್ಟ್' ಎಂದು ಮುದ್ರೆ ಒತ್ತುವುದೇ ನನ್ನ ಜೀವಮಾನದ ಉದ್ಯೋಗವಾಗಿತ್ತು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮುದ್ರೆಯನ್ನು ಒಪ್ಪಿಸಿ ಬಂದೆ. ಆದರೆ ಕೈ ಸುಮ್ಮನಿರಬೇಕಲ್ಲ! ಈಗಲೂ ಮದುವೆಯ ಕರೆಯೋಲೆ ಬಂದರೆ ನಾನು ಮೊದಲು ಹುಡುಕುವುದು ಮುಹೂರ್ತವನ್ನಲ್ಲ, ಅಚ್ಚಿನ ತಪ್ಪನ್ನು. ಸಿಕ್ಕರೆ ಫೋನ್ ಮಾಡಿ ತಿಳಿಸುತ್ತೇನೆ. ಇದರಿಂದ ಕೆಲವು ನೆಂಟರು ಕಡಿಮೆಯಾಗಿದ್ದಾರೆ.

ನನ್ನ ಅಭಿಮಾನದ ವಸ್ತು 'ಮೇಘದುರ್ಗ' ಎಂಬ ಟೀವಿ ಧಾರಾವಾಹಿ. ಮೂವತ್ತು ವರ್ಷಗಳ ಹಿಂದೆ ಭಾನುವಾರ ಬೆಳಿಗ್ಗೆ ಬರುತ್ತಿತ್ತು. ರಾಜ ಯುದ್ಧಕ್ಕೆ ಹೋಗಿ ಕಾಣೆಯಾಗುತ್ತಾನೆ. ಮಂತ್ರಿ ಶೂಲಪಾಣಿಗೆ ಸಿಂಹಾಸನದ ಮೇಲೆ ಕಣ್ಣು. ರಾಣಿ ಪದ್ಮಾಂಬೆ ಒಬ್ಬಳೇ ರಾಜ್ಯ ಕಾಯುತ್ತಾಳೆ. ಇಷ್ಟೇ ಕಥೆ. ಆಗ ನಾವು ಗದಗಿನ ಕಡೆಯಿಂದ ಬಂದು ಯಶವಂತಪುರದ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ಇಡೀ ವಠಾರಕ್ಕೆ ಕಲರ್ ಟೀವಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಭಾನುವಾರ ಬಂತೆಂದರೆ ಬಾಗಿಲಿನವರೆಗೂ ಜನ. ಮುಂದುಗಡೆ ಬೆತ್ತದ ಕುರ್ಚಿಯಲ್ಲಿ ನಾನು. ಸುಮ್ಮನೆ ಕೂರುವ ಗಿರಾಕಿ ನಾನಲ್ಲ. ಸಂಭಾಷಣೆಯಲ್ಲಿ ಕಠಿಣ ಪದ ಬಂದಾಗಲೆಲ್ಲ ಹಿಂದಕ್ಕೆ ತಿರುಗಿ ಎಲ್ಲರಿಗೂ ಅರ್ಥ ಹೇಳುತ್ತಿದ್ದೆ. ಮುಂದೇನಾಗಬಹುದು ಎಂಬುದನ್ನೂ ಉಚಿತವಾಗಿ ತಿಳಿಸುತ್ತಿದ್ದೆ. ನನ್ನ ಹೆಂಡತಿ ಗಿರಿಜಾ ಅಷ್ಟು ಜನಕ್ಕೆ ಚಹಾ, ಉಪ್ಪಿಟ್ಟು ಮಾಡುತ್ತ ಒಳಗಿರುತ್ತಿದ್ದಳು. ಅವಳಿಗೆ ಇಂಥದರಲ್ಲಿ ಅಷ್ಟಾಗಿ ಆಸಕ್ತಿ ಇರಲಿಲ್ಲ ಎಂದು ನಾನು ತಿಳಿದಿದ್ದೆ.

ಆ ಧಾರಾವಾಹಿಯ ಒಂದು ಕಂತೂ ಈಗ ಎಲ್ಲೂ ಸಿಗುವುದಿಲ್ಲ. ಟೇಪುಗಳ ಮೇಲೆ ಬೇರೆ ಏನನ್ನೋ ತುಂಬಿಸಿದರಂತೆ. ಹಾಗಾಗಿ ನಮ್ಮಂಥ ಅಭಿಮಾನಿಗಳ ವಾಟ್ಸಾಪ್ ಗುಂಪಾದ 'ಮೇಘದುರ್ಗ ಬಳಗ'ದಲ್ಲಿ ನೆನಪೇ ಬಂಡವಾಳ. ಯಾರ ನೆನಪು ಚೆನ್ನಾಗಿದೆಯೋ ಅವರು ದೊಡ್ಡವರು. ಅಂದರೆ ಯಾರ ಗಂಟಲು ದೊಡ್ಡದೋ ಅವರು. ನಾನು ಆ ಗುಂಪಿನ ಅಡ್ಮಿನ್. ಗಂಗಾನಗರದ ಪಾರ್ಕಿನಲ್ಲಿ ಬಳಗ ಸೇರಿದಾಗಲೆಲ್ಲ ಮಂತ್ರಿ ಶೂಲಪಾಣಿಯ ಆ ಪ್ರಸಿದ್ಧ ಮಾತನ್ನು ನಾನೇ ಹೇಳಬೇಕು. ಬಲಗೈಯನ್ನು ಇಲ್ಲದ ಕತ್ತಿಯ ಹಿಡಿಯ ಮೇಲಿಟ್ಟು, ಕಣ್ಣು ಕೆಂಪಗೆ ಮಾಡಿ, "ಮಹಾರಾಣೀ! ಖಾಲಿ ಸಿಂಹಾಸನ ಯಾರನ್ನೂ ಕರೆಯುವುದಿಲ್ಲ. ಕೂರುವವರು ಮಾತ್ರ, ಅದು ಕರೆಯಿತು ಎನ್ನುತ್ತಾರೆ!" ಎಂದು ನಾನು ಗುಡುಗಿದರೆ ವಾಕಿಂಗಿಗೆ ಬಂದವರು ದಾರಿ ಬದಲಿಸುತ್ತಿದ್ದರು.

ಹೀಗಿರುವಾಗ ಯಲಹಂಕದ ಆಚೆ 'ಮೇಘದುರ್ಗ' ಎಂಬ ಹೋಟೆಲೇ ಶುರುವಾಯಿತು. ಬರಿಯ ಹೋಟೆಲಲ್ಲ. ಒಳಗೆ ಹೋದವರಿಗೆ ರಾಜರ ಕಾಲದ ಬಟ್ಟೆ ಹಾಕಿ, ಒಂದೊಂದು ಪಾತ್ರ ಕೊಟ್ಟು, ಎರಡು ದಿನ ಕಥೆಯೊಳಗೇ ಬದುಕಲು ಬಿಡುತ್ತಾರಂತೆ. ಬಳಗದಲ್ಲಿ ಬೆಂಕಿ ಬಿತ್ತು. ಗಂಗಾನಗರದ ರಂಗಸ್ವಾಮಿ, ನನ್ನ ನಂತರದ ಸ್ಥಾನದಲ್ಲಿರುವ ಅನುಮಾನದ ಮನುಷ್ಯ, ತಕ್ಷಣ ಫೋನ್ ಮಾಡಿದರು. "ಏನ್ ಸಾರ್ ಇದು ಅನ್ಯಾಯ! ಪ್ಲಾಸ್ಟರ್ ಕೋಟೆ ಕಟ್ಬಿಟ್ಟು ಸಿಂಗಾಪುರ್ ಟೂರ್ ರೇಟ್ ಹಾಕಿದಾರಲ್ಲ! ಕತ್ತಿ ನೋಡಿದ್ರಾ ಫೋಟೋದಲ್ಲಿ? ಶೂಲಪಾಣಿ ಕತ್ತಿ ಹಂಗಿತ್ತಾ?" ಎಂದರು. ಹಾಗಿರಲೇ ಇಲ್ಲ ಎಂದೆ. ಅಲ್ಲಿ ಕಾಲಿಟ್ಟವರು ಬಳಗದಲ್ಲಿರಬಾರದು ಎಂಬ ನಿರ್ಣಯವನ್ನು ನಾನೇ ಬರೆದು, ನಾನೇ ಅನುಮೋದಿಸಿದೆ.

ನಿರ್ಣಯಕ್ಕೆ ಒಂದು ವಾರವೂ ಆಗಿರಲಿಲ್ಲ, ತಣಿಸಂದ್ರದಲ್ಲಿರುವ ಮಗಳು ನಮ್ಮ ಮದುವೆಯ ಮೂವತ್ತೈದನೇ ವರ್ಷಕ್ಕೆಂದು ಅಲ್ಲೇ ರೂಮು ಬುಕ್ ಮಾಡಿಬಿಟ್ಟಳು. "ಅಪ್ಪಾ, ಕ್ಯಾನ್ಸಲ್ ಆಗಲ್ಲ. ರೇಟ್ ಕೇಳ್ಬೇಡ, ಬಿ.ಪಿ. ಜಾಸ್ತಿಯಾಗತ್ತೆ" ಎಂದಳು. ನಾನು ಬಳಗದ ಮುಂದೆ ನನ್ನ ಸಂಕಟ ಇಟ್ಟೆ. ರಂಗಸ್ವಾಮಿಯವರೇ ದಾರಿ ತೋರಿಸಿದರು: "ಗೆಸ್ಟ್ ಆಗಿ ಹೋಗ್ಬೇಡಿ ಸಾರ್, ಇನ್ಸ್‌ಪೆಕ್ಷನ್ನಿಗೆ ಹೋಗಿ. ಒಂದೊಂದು ತಪ್ಪೂ ಬರ್ಕೊಂಡ್ ಬನ್ನಿ. ನಿಮ್ಮ ರಿಪೋರ್ಟ್ ಓದಿದ್ಮೇಲೆ ಒಬ್ಬನೂ ಆ ಕಡೆ ತಲೆ ಹಾಕಬಾರ್ದು." ಇಡೀ ಬಳಗ ಕೈ ಮುಗಿದ ಚಿತ್ರಗಳನ್ನು ಕಳಿಸಿ ನನ್ನನ್ನು ಬೀಳ್ಕೊಟ್ಟಿತು. ನನ್ನ ಮರ್ಯಾದೆ ಈಗ ಆ ವರದಿಯ ಮೇಲೆ ನಿಂತಿತ್ತು. ಗಿರಿಜಾ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಅಡಿಗಿ ಯಾರು ಮಾಡ್ತಾರ?" ಅವರೇ ಎಂದೆ. "ಹಂಗಾದ್ರ ನಡೀರಿ" ಎಂದು ಟ್ರಂಕಿನಿಂದ ಇಳಕಲ್ ಸೀರೆ ತೆಗೆದಳು.

ಬಾಗಲಗುಂಟೆಯ ನಮ್ಮ ಮನೆಯಿಂದ ಹೊರಟು, ಟ್ರಾಫಿಕ್ಕಿನಲ್ಲಿ ಬೆಂದು, ಮೇಘದುರ್ಗದ ಹೆಬ್ಬಾಗಿಲು ಮುಟ್ಟಿದಾಗ ಮಧ್ಯಾಹ್ನ. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅದು ಹಳೆಯ ಕಲ್ಯಾಣ ಮಂಟಪ. ಕಾಂಪೌಂಡಿಗೆ ಬುರುಜು ಕೂರಿಸಿದ್ದರು. ದ್ವಾರಪಾಲಕರಿಬ್ಬರು ನಮ್ಮ ಫೋನುಗಳನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು, ನನಗೆ 'ಕಂದಾಯದ ಗುಮಾಸ್ತ' ಎಂಬ ಪಾತ್ರವನ್ನೂ ಗಿರಿಜಾಗೆ 'ಮಹಾರಾಣಿಯವರ ಸೋದರತ್ತೆ' ಎಂಬ ಪಾತ್ರವನ್ನೂ ಕೊಟ್ಟರು. ಧಾರಾವಾಹಿಯ ಪರಮ ಪಂಡಿತನಿಗೆ ಗುಮಾಸ್ತೆಗಿರಿ! ಪೇಟ ಬಿಗಿಯಾಗಿತ್ತು, ಅದನ್ನೂ ಬರೆದುಕೊಂಡೆ. ನಮಗೆ ಕೊಟ್ಟ ಅಂತಃಪುರದ ಬಾಗಿಲಿಗೆ ಚಿನ್ನದ ಬಣ್ಣ ಬಳಿದಿದ್ದರೂ, ಬೆಳಕು ಓರೆಯಾಗಿ ಬಿದ್ದಾಗ ಅದರಡಿಯಲ್ಲಿ 'ವಧುವಿನ ಕೋಣೆ' ಎಂಬ ಅಕ್ಷರಗಳು ಕಾಣುತ್ತಿದ್ದವು. ಏಸಿಯ ರಿಮೋಟನ್ನು ಕೆತ್ತನೆಯ ಪೆಟ್ಟಿಗೆಯಲ್ಲಿ ಅಡಗಿಸಿದ್ದರು. ಎಲ್ಲಕ್ಕಿಂತ ದೊಡ್ಡ ತಪ್ಪು ಆಕಾಶದಲ್ಲಿತ್ತು. ಏರ್‌ಪೋರ್ಟ್ ಹತ್ತಿರವೇ ಇದ್ದುದರಿಂದ ಸ್ವಲ್ಪ ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ವಿಮಾನ ಹೋಗುತ್ತಿತ್ತು. ಆಗ ಸೇನಾಪತಿಯ ಪಾತ್ರದ ನಟ ಎತ್ತಿದ ಕೈಯನ್ನು ಹಾಗೇ ಹಿಡಿದು, ಸದ್ದು ಇಳಿಯುವವರೆಗೆ ಕಾದು, ಬಿಟ್ಟಲ್ಲಿಂದ ಗರ್ಜನೆ ಮುಂದುವರಿಸುತ್ತಿದ್ದ. ಸಾಯಂಕಾಲದ ಹೊತ್ತಿಗೆ ನನ್ನ ಪಟ್ಟಿ ನಾಲ್ಕು ಪುಟ ದಾಟಿ, ನನಗೆ ಬಹಳ ಸಂತೋಷವಾಯಿತು. ಗಿರಿಜಾ ಬೆಳ್ಳಿ ಬಣ್ಣದ ಲೋಟದಲ್ಲಿ ಯಾರೋ ತಂದುಕೊಟ್ಟ ಪಾನಕ ಕುಡಿಯುತ್ತ, ಕಾಲು ಚಾಚಿ ಕೂತಿದ್ದಳು. "ಪೆನ್ನ ಕೆಳಗಿಟ್ಟು ನೀವೂ ಸ್ವಲ್ಪ ಕುಡೀರಲ್ಲ" ಎಂದಳು. ಕರ್ತವ್ಯದ ಮೇಲಿದ್ದೇನೆ ಎಂದೆ.

ಮಾರನೆಯ ದಿನ ಬೆಳಿಗ್ಗೆ ರಾಜಸಭೆ. ಹಿಂದೆ ವಧೂವರರು ಕೂರುತ್ತಿದ್ದ ವೇದಿಕೆಯ ಮೇಲೆ ಸಿಂಹಾಸನ. ನಮ್ಮಂಥ ಅತಿಥಿಗಳೆಲ್ಲ ಪೇಟ, ಪಂಚೆ ಸುತ್ತಿಕೊಂಡು ಪ್ರಜೆಗಳಾಗಿ ಎರಡೂ ಬದಿ ಕೂತಿದ್ದೆವು. ಹೋಟೆಲಿನ ಒಡೆಯ ಮುನಿರಾಜಣ್ಣ, ಆ ಊರಿನ ಹಳೆಯ ಜಮೀನುದಾರ, ಬಾಗಿಲ ಬಳಿ ಬಿಳಿ ಪ್ಯಾಂಟು ಶರಟಿನಲ್ಲೇ ನಿಂತಿದ್ದರು. (ಅದನ್ನೂ ಬರೆದುಕೊಂಡೆ.) ಕಥೆ ಆ ಪ್ರಸಿದ್ಧ ದೃಶ್ಯಕ್ಕೆ ಬಂತು. ಮಂತ್ರಿ ಶೂಲಪಾಣಿ ಸಿಂಹಾಸನದತ್ತ ಒಂದು ಹೆಜ್ಜೆ ಇಟ್ಟ. ನಾನು ಕುರ್ಚಿಯ ತುದಿಗೆ ಬಂದೆ. ಆಗ ಆ ಮಾತನ್ನು ಆಡಿದ್ದು ಮಂತ್ರಿಯಲ್ಲ, ರಾಣಿಯ ಪಾತ್ರದ ಹುಡುಗಿ! ಅದೂ ಪಿಸುಮಾತಿನಲ್ಲಿ. ಎದ್ದು ನಿಂತು, "ನಿಲ್ಲಿಸಿ! ಇದು ಅಪಚಾರ! ಆ ಮಾತು ಮಂತ್ರಿಯದು!" ಎಂದು ಕೂಗಿದೆ. ನಟರು ಇದೂ ಆಟದ ಭಾಗವೆಂದು ತಿಳಿದರು. ಶೂಲಪಾಣಿ ಗಂಭೀರವಾಗಿ, "ಕಂದಾಯದ ಗುಮಾಸ್ತರೇ, ನಿಮ್ಮಲ್ಲಿ ಸಾಕ್ಷಿಯುಂಟೋ?" ಎಂದ. ಉಂಟು ಎಂದು ನಾನು ಕೈಯನ್ನು ಇಲ್ಲದ ಕತ್ತಿಯ ಮೇಲಿಟ್ಟು ಗುಡುಗಿದೆ. ಪ್ರಜೆಗಳು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಪಕ್ಕದಿಂದ ಒಂದು ಧ್ವನಿ ಬಂತು. "ಹಂಗಲ್ಲರೀ ಅದು."

ಗಿರಿಜಾ ಎದ್ದು ನಿಂತಿದ್ದಳು. "ರಾಣೀನ ಹೇಳಿದ್ದು. ಈ ಹುಡುಗಿ ಹೇಳಿದ್ದ ಖರೇ ಅದ" ಎಂದಳು. ನಾನು ಹಲ್ಲು ಕಚ್ಚಿ, "ನಿನಗೇನ ಗೊತ್ತು, ಕೂಡು" ಎಂದೆ. ಅವಳು ಕೂರಲಿಲ್ಲ. "ನಿಮಗ ಹೆಂಗ ಗೊತ್ತಿರಬೇಕ್ರೀ? ಅವತ್ತು ಟೀವಿ ಒಳಗ ಚಿತ್ರ ಹೋತಂತ ಆಂಟೆನಾ ತಿರುವಾಕ ತಾರಸಿ ಮ್ಯಾಲೆ ಹೋಗಿದ್ರಿ. 'ಬಂತಾ, ಬಂತಾ' ಅಂತ ಒದರ್ತಿದ್ರಿ. ನೀವು ಇಳದು ಬರೂದರಾಗ ಆ ಸೀನ್ ಮುಗದಿತ್ತು" ಎಂದವಳೇ ವೇದಿಕೆಯತ್ತ ತಿರುಗಿದಳು. ಎಡಗೈಯಿಂದ ಬಲಗೈಯ ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡಳು. ಶೂಲಪಾಣಿಯನ್ನು ನೋಡದೆ, ಸಿಂಹಾಸನವನ್ನೇ ನೋಡುತ್ತ, "ಖಾಲಿ ಸಿಂಹಾಸನ ಯಾರನ್ನೂ ಕರೆಯುವುದಿಲ್ಲ, ಮಂತ್ರಿಗಳೇ" ಎಂದು ನಿಲ್ಲಿಸಿದಳು. ವಿಮಾನ ಕೂಡ ಬರಲಿಲ್ಲ. "ಕೂರುವವರು ಮಾತ್ರ, ಅದು ಕರೆಯಿತು ಎನ್ನುತ್ತಾರೆ." ನನಗೆ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ. ಅದೇ ಹೊತ್ತಿಗೆ ನಾನು ತಾರಸಿಯ ಮೇಲೆ ಕಬ್ಬಿಣದ ಪೈಪು ಹಿಡಿದು ನಿಂತಿದ್ದೂ ಸ್ಪಷ್ಟವಾಗಿ ನೆನಪಾಯಿತು. ಕೆಳಗೆ ಬಂದಾಗ ಮಂತ್ರಿ ಕೋಪದಲ್ಲಿ ಹೊರಗೆ ಹೋಗುತ್ತಿದ್ದ. ಆಮೇಲೆ ವಠಾರದವರು ಯಾರೋ ಆ ಮಾತನ್ನು ನನಗೆ ಹೇಳಿದರು. ಉಳಿದ ಗುಡುಗನ್ನೆಲ್ಲ ನಾನೇ ತುಂಬಿಕೊಂಡಿದ್ದೆ.

ಮುನಿರಾಜಣ್ಣ ಬಾಗಿಲ ಬಳಿಯಿಂದ ನೇರವಾಗಿ ಬಂದರು. "ಅಮ್ಮಾರು ಏಳಿದ್ದೇ ಸರಿ ಸಾ. ಆ ಸೂಟಿಂಗ್ ಆಗಿದ್ದೇ ನಮ್ ತೋಟದಾಗೆ. ಸಿಂಆಸನಾನ ಟ್ರಾಕ್ಟರ್‌ನಾಗೆ ಏರ್ಕೊಂಡ್ ಬಂದಿದ್ದೇ ನಾನು. ರಾಣಿ ಅಮ್ಮೋರ್ಗೆ ಅವತ್ತು ಗಂಟ್ಲು ಕಟ್ಟಿತ್ತು, ಅದ್ಕೇ ಇಂಗೇ ಬಳೆ ಸರ್ಸ್ಕೊಂಡು ಮೆತ್ತಗೆ ಏಳುದ್ರು. ನಮ್ ಉಡ್ಗೀಗೂ ಅಂಗೇ ಏಳು ಅಂದಿವ್ನಿ" ಎಂದರು. ಆಮೇಲೆ ಗಿರಿಜಾಗೆ ಕೈ ಮುಗಿದು, "ನೀವು ಮುಂದಕ್ ಬನ್ನಿ ಅಮ್ಮ" ಎಂದು ವೇದಿಕೆಯ ಮೇಲೆ, ರಾಣಿಯ ಪಕ್ಕದಲ್ಲೇ ಕೂರಿಸಿದರು. ಉಳಿದ ದಿನವೆಲ್ಲ ನಟರು ಅವಳ ಸುತ್ತ ನೆರೆದು ಆ ಕಂತಿನಲ್ಲಿ ಏನಿತ್ತು, ಈ ಕಂತಿನಲ್ಲಿ ಏನಿತ್ತು ಎಂದು ಕೇಳುತ್ತಿದ್ದರು. ಅವಳು ಹೇಳುತ್ತಿದ್ದಳು. ನಾನು ಪೇಟ ಸಡಿಲಿಸಿಕೊಂಡು ಪ್ರಜೆಗಳ ನಡುವೆ ಕೂತು ಹೋಳಿಗೆ ತಿಂದೆ. ಹೋಳಿಗೆಯಲ್ಲಿ ತಪ್ಪೇನೂ ಇರಲಿಲ್ಲ.

ಮನೆಗೆ ಬಂದ ಮೇಲೆ ವರದಿಯ ಪ್ರಶ್ನೆ. ಫೋನು ತೆರೆದರೆ ಇಡೀ ಬಳಗ ಬಾಯಿ ಬಿಟ್ಟು ಕಾಯುತ್ತಿತ್ತು. ಬುರುಜು, ರಿಮೋಟು, ವಿಮಾನ ಎಲ್ಲ ಬರೆದೆ. ಕೊನೆಗೆ ಆ ಮಾತಿನ ವಿಷಯ ಬಂತು. ನನಗೆ ಎರಡು ದಾರಿಗಳಿದ್ದವು. ಒಂದು, ನಿಜ ಹೇಳುವುದು. ನಾನು ಇನ್ನೊಂದನ್ನು ಹಿಡಿದೆ: "ಆ ಪ್ರಸಿದ್ಧ ಮಾತನ್ನು ರಾಣಿಯ ಬಾಯಲ್ಲಿ ಹೇಳಿಸಿದ್ದಾರೆ. ಇದು ಸರಿಯಾಗಿದೆ. ನಾನು ಮೊದಲಿನಿಂದಲೂ ಇದನ್ನೇ ಹೇಳುತ್ತ ಬಂದಿದ್ದೇನೆ." ಯಾರಾದರೂ ಪಾರ್ಕಿನ ಗುಡುಗನ್ನು ನೆನಪಿಸಿ ನನ್ನ ಮಾನ ತೆಗೆಯುತ್ತಾರೆಂದು ಎದೆ ಹಿಡಿದುಕೊಂಡು ಕೂತೆ. ಮೊದಲ ಉತ್ತರ ರಂಗಸ್ವಾಮಿಯವರದೇ. "ನಿಜ ಸಾರ್. ನಾನೂ ಇದನ್ನೇ ಹೇಳ್ತಿದ್ದೆ, ಯಾರೂ ಕೇಳಿಸ್ಕೊಳ್ತಿರ್ಲಿಲ್ಲ." ಆಮೇಲೆ ಸಾಲು ಸಾಲಾಗಿ ಎಲ್ಲರೂ ಅದನ್ನೇ ಮೊದಲಿನಿಂದಲೂ ಹೇಳುತ್ತಿದ್ದರೆಂದು ತಿಳಿದುಬಂತು.

ಬಚಾವಾದೆ ಎಂದು ಉಸಿರು ಬಿಟ್ಟವನಿಗೆ, ತಪಾಸಣೆಯ ಹಳೆಯ ಚಟ ಸುಮ್ಮನಿರಗೊಡಲಿಲ್ಲ. ಲೆಕ್ಕದಲ್ಲಿ ಎಲ್ಲೋ ಏನೋ ಕೂಡುತ್ತಿಲ್ಲ. ಗಿರಿಜಾ ನಡುಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಎದುರು ಕೂತು ಕೇಳಿದೆ. "ಅವತ್ತು ನಾ ಮ್ಯಾಲಿದ್ದೆ, ಖರೇ. ನೀ ಅಡಿಗಿಮನ್ಯಾಗ ಇದ್ದಿ. ಮಾತು ಕೇಳಿಸಿರಬೇಕು, ಒಪ್ಪಿದೆ. ಆದ್ರ ರಾಣಿ ಕೈಯಾನ ಬಳೆ ಹಿಂದ ಸರಿಸಿದ್ದು ನಿನಗ ಹೆಂಗ ಕಾಣಸ್ತು?"

"ನೋಡಿದೆ."

"ಎಲ್ಲಿಂದ?"

"ನಿಮ್ಮ ಕುರ್ಚಿ ಮ್ಯಾಲಿಂದ" ಎಂದಳು, ಸೊಪ್ಪಿನಿಂದ ಕಣ್ಣೆತ್ತದೆ. "ಮತ್ತ ಖಾಲಿ ಇತ್ತಲ್ಲ."

"ಚಿತ್ರ ಹೋಗಿತ್ತಲ್ಲ?"

"ನೀವು ತಾರಸಿ ಹತ್ತಿದ ಕೂಡ್ಲೇ ಬಂತ್ರೀ. ನೀವು 'ಬಂತಾ' ಅಂದ್ರಿ. ನಾ 'ಇನ್ನಾ ಇಲ್ಲ, ಸ್ವಲ್ಪ ಬಲಕ್ಕ' ಅಂದೆ." ಅವಳಿಗೆ ನಗು ತಡೆಯಲಾಗಲಿಲ್ಲ. "ಏನ್ಮಾಡೂದು? ನೀವು ಕೆಳಗಿದ್ರ ಟೀವಿ ಮಾತು ಒಂದರ ಕೇಳಿಸ್ತಿತ್ತೇನು? ಎಲ್ಲಾದಕ್ಕೂ ಅರ್ಥ ಹೇಳೂದು, ಮುಂದಿಂದೂ ಹೇಳೂದು. ವಠಾರದ ಹೆಂಗಸರೆಲ್ಲ ಕೂಡಿ ಮಾತಾಡಿಕೊಂಡಿದ್ವಿ. ಛಲೋ ಸೀನ್ ಬರ್ತದ ಅಂತ ಗೊತ್ತಾದ ಕೂಡ್ಲೇ ಒಬ್ಬಾಕಿ ಹೋಗಿ ಟೀವಿ ಹಿಂದಿನ ವೈರ್ ಅಲ್ಲಾಡಸ್ತಿದ್ಲು. ಉಪ್ಪಿಟ್ಟಿನ ಬೋಗುಣಿ ಇಳಿಸಿಟ್ಟು ನಾ ಬಂದು ಕೂಡ್ತಿದ್ದೆ."

"ಅಂದ್ರ ಒಂದ ಭಾನುವಾರ ಅಲ್ಲ?"

"ಒಂದ ಭಾನುವಾರ?" ಎಂದು ಅವಳು ಸೊಪ್ಪಿನ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.

ಯಶವಂತಪುರದಲ್ಲಿ ಆ ವರ್ಷ ಗಾಳಿ ಬಹಳ ಎಂದೇ ನಾನು ಇಷ್ಟು ದಿನ ನಂಬಿದ್ದೆ. ಈಗ ಒಂದೊಂದಾಗಿ ನೆನಪಿಸಿಕೊಂಡರೆ, ಕೋಟೆಗೆ ಬೆಂಕಿ ಬಿದ್ದಾಗ, ರಾಜ ಮರಳಿ ಬಂದಾಗ, ರಾಣಿ ಕಣ್ಣೀರು ಹಾಕಿದಾಗ, ಎಲ್ಲ ಹೊತ್ತಿನಲ್ಲೂ ನಾನು ಬಿಸಿಲಿನಲ್ಲಿ ಪೈಪು ಹಿಡಿದು ನಿಂತಿದ್ದೇನೆ. ಬಳಗದಲ್ಲಿ ಮೊನ್ನೆ ಹೊಸದಾಗಿ ಸೇರಿದವರೊಬ್ಬರಿಗೆ ರಂಗಸ್ವಾಮಿ ನನ್ನನ್ನು ಪರಿಚಯಿಸುತ್ತ, 'ಮೇಘದುರ್ಗದ ಒಂದೊಂದು ಕಂತನ್ನೂ ಕಣ್ಣಾರೆ ಕಂಡವರು' ಎಂದು ಬರೆದರು. ಕಂಡ ತಪ್ಪನ್ನು ತಿದ್ದದೆ ಬಿಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.