ನಟ್ಟಿನ ಮೇಲೆ ನಾನೆಳೆದ ಗೆರೆ

ಮಾಡಿದ ತಪ್ಪಿಗಿಂತ, ಆ ತಪ್ಪನ್ನು ಯಾರಿಗೂ ತಿಳಿಯದಂತೆ ನೀಟಾಗಿ ತಿದ್ದುವುದೇ ಹೆಚ್ಚು ಅಪಾಯದ್ದು ಎಂದು ನನಗೆ ಕಲಿಸಿದ್ದು ನಮ್ಮ ಮನೆಯ ಹಳೆಯ ಜೀಪು. ಕಾನ್ವೆಂಟಿನಲ್ಲಿ ಕಲಿತದ್ದೇ ಬೇರೆ: ಕಲೆ ಕಂಡಲ್ಲಿ ಒರೆಸು. ಸಿಸ್ಟರುಗಳು ನಮ್ಮ ಉಗುರು, ಕಾಲರು, ಕೊನೆಗೆ ಡೆಸ್ಕಿನ ಒಳಗನ್ನೂ ಬಗ್ಗಿ ನೋಡುತ್ತಿದ್ದರು. ಹಾಗೆ ಬೆಳೆದವಳಿಗೆ ಮದುವೆಯಾಗಿ ಅಲೆವೂರಿಗೆ ಬಂದ ಮೇಲೂ ಸ್ವಿಚ್ಚಿನ ಸುತ್ತ ಬೆರಳಿನ ಗುರುತು ಕಂಡರೆ ಊಟ ಸೇರುತ್ತಿರಲಿಲ್ಲ.

ನನ್ನ ಗಂಡ ಕಾರ್ಕಳದ ಹತ್ತಿರ ಕಲ್ಲುಕೋರೆ ನಡೆಸುತ್ತಿದ್ದರು. ವಾರವಿಡೀ ಕೋರೆಯ ಹೊಂಡಗಳಲ್ಲಿ ಎದ್ದುಬಿದ್ದ ಜೀಪು ಭಾನುವಾರ ನಮ್ಮನ್ನೂ ಹೊರಬೇಕು. ಆ ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಅತ್ತೆಯನ್ನು ನಿಟ್ಟೆಯಲ್ಲಿರುವ ಅವರ ತಂಗಿಯ ಮನೆಗೆ ಕರೆದೊಯ್ಯುವುದಿತ್ತು. ನೆಂಟರ ಅಂಗಳಕ್ಕೆ ಹೋಗುವ ಗಾಡಿ ಎಂದು ಹಿಂದಿನ ದಿನ ಸೀಮೆಎಣ್ಣೆಯ ಬಟ್ಟೆ ಹಿಡಿದು ಉಜ್ಜಲು ಕುಳಿತೆ. ಚಕ್ರದ ಪ್ರತಿ ನಟ್ಟಿನ ಮೇಲೂ ಬಿಳಿ ಪೈಂಟಿನ ಚಿಕ್ಕದೊಂದು ಗೆರೆ. ನಟ್ಟಿನಿಂದ ಹೊರಟು ಚಕ್ರದ ತಗಡಿನ ಮೇಲೆ ಮುಗಿಯುತ್ತಿತ್ತು. ಹಿಂದಿನ ಎಡಚಕ್ರದಲ್ಲಂತೂ ಎರಡು ಗೆರೆಗಳು ಮುರಿದು, ಅರ್ಧ ಅತ್ತ, ಅರ್ಧ ಇತ್ತ. ಎಂತಹ ಕೆಟ್ಟ ಕೈ ಎಂದುಕೊಂಡು ಎಲ್ಲವನ್ನೂ ಉಜ್ಜಿ ತೆಗೆದೆ. ತೆಗೆದ ಮೇಲೆ ಅಳುಕು ಹುಟ್ಟಿತು: ಎಲ್ಲ ನಟ್ಟಿನಲ್ಲೂ ಇತ್ತೆಂದರೆ ಯಾರೋ ಬೇಕೆಂದೇ ಹಾಕಿದ್ದಿರಬೇಕಲ್ಲ? ಕಿಟಕಿಗೆ ಬಳಿದು ಉಳಿದಿದ್ದ ಬಿಳಿ ಪೈಂಟು ತಂದು, ಮಗಳ ಸ್ಕೇಲು ಇಟ್ಟು, ಒಂದೊಂದನ್ನೂ ಮತ್ತೆ ಎಳೆದೆ. ಮೊದಲಿಗಿಂತ ಎಷ್ಟೋ ಚಂದ ಬಂತು.

ಬೆಳಿಗ್ಗೆ ಇವರು ಎಂದಿನಂತೆ ಜೀಪಿಗೆ ಒಂದು ಸುತ್ತು ಬಂದು, ಪ್ರತಿ ಚಕ್ರದ ಮುಂದೆ ಬಗ್ಗಿ, "ಎಲ್ಲಾ ಸರಿ ಉಂಟು" ಎಂದರು. ಅತ್ತೆ ಮುಂದೆ, ನಾನು ಹಿಂದೆ ಎಡಬದಿಯ ಸೀಟಿನಲ್ಲಿ. ಮಣಿಪಾಲ ದಾಟಿ ಹಿರಿಯಡಕ ಮುಟ್ಟುವಾಗ ಅತ್ತೆ ಕಿವಿ ನೆಟ್ಟಗೆ ಮಾಡಿ ಮಗನನ್ನು ಕೇಳಿದರು.

"ಎಂತದೋ ಟಕ್ ಟಕ್ ಕೇಳ್ತದಲ್ಲ, ಪುತಾ?"

"ಟಯರಿಗೆ ಕಲ್ಲು ಸಿಕ್ಕಿರಬೇಕು, ಮಾಂಯ್. ನಟ್ಟು ನಾನು ನೋಡಿಯೇ ಹೊರಟದ್ದು. ಕಡಿಯಾಳಿ ಗ್ಯಾರೇಜಿನ ಇಸ್ಮಾಯಿಲ್ ಬ್ಯಾರಿ ಬಿಗಿ ಮಾಡಿ ಗೆರೆ ಹಾಕಿ ಕೊಡ್ತಾನೆ. ನಟ್ಟು ಸಡಿಲವಾಗಿ ತಿರುಗಿದರೆ ಗೆರೆ ಮುರೀತದೆ. ಒಂದೂ ಮುರಿದಿಲ್ಲ."

ಮುರಿದ ಆ ಎರಡು ಗೆರೆಗಳು ಕಣ್ಣಮುಂದೆ ಬಂದವು. ನಾನು ಕುಳಿತದ್ದು ಅದೇ ಚಕ್ರದ ಮೇಲೆ. ಮೆಲ್ಲನೆ ಬಲಬದಿಯ ಸೀಟಿಗೆ ಸರಿದೆ. ಚಕ್ರ ಕಳಚಿದರೆ ನನ್ನೊಬ್ಬಳನ್ನು ಬಿಟ್ಟು ಜೀಪು ಮಗುಚುತ್ತದೆ ಎಂಬಂತೆ. ಎದುರಿನಿಂದ ಬಸ್ಸು ಬಂದಾಗಲೆಲ್ಲ ಕಂಬಿ ಹಿಡಿದು ಕಣ್ಣು ಮುಚ್ಚಿದೆ. ಸದ್ದು ಟಕ್ ಟಕ್ ಹೋಗಿ ಕಟಕಟ ಆಯಿತು. ಬೈಲೂರು ಹತ್ತಿರವಾದಾಗ ಮುಂದೊಂದು ಇಳಿಜಾರು ಕಾಣಿಸಿತು.

"ನಿಲ್ಲಿಸಿ!"

"ವಾಂತಿ ಬರ್ತದಾ?" ಇವರು ಜೀಪು ಬದಿಗೆ ನಿಲ್ಲಿಸಿ ಕೇಳಿದರು.

"ಇಲ್ಲ. ಆ ಗೆರೆ ಬ್ಯಾರಿಯದ್ದಲ್ಲ, ನನ್ನದು. ಒರೆಸಿ ಮತ್ತೆ ಎಳೆದದ್ದು. ಹಿಂದಿನ ಎಡಚಕ್ರದಲ್ಲಿ ಎರಡು ಮುರಿದಿತ್ತು, ನಾನು... ಸರಿ ಮಾಡಿದೆ."

ಇವರು ಇಳಿದು ಹೋಗಿ ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ಸ್ಪ್ಯಾನರು ಬೇಕಾಗಲಿಲ್ಲ. ಎರಡು ನಟ್ಟುಗಳು ಬೆರಳಿಗೇ ತಿರುಗಿದವು. ಪಕ್ಕದ ಮೂರನೆಯದೂ ಅವುಗಳ ಜೊತೆ ಹೊರಡಲು ತಯಾರಾಗಿತ್ತು. ಸ್ಪ್ಯಾನರು ತಂದು ಎಲ್ಲವನ್ನೂ ಬಿಗಿದು ಎದ್ದು ಕೈ ಒರೆಸಿಕೊಳ್ಳುತ್ತ ಕೇಳಿದರು: "ಸ್ಕೇಲು ಇಟ್ಟು ಎಳೆದದ್ದಾ?"

"ಹೌದು."

"ಚಂದ ಉಂಟು."

ಅತ್ತೆ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. "ನಿನಗೆ ಯಾವಾಗ ಗೊತ್ತಾದದ್ದು?"

"ಹಿರಿಯಡಕದಲ್ಲಿ, ಮಾಂಯ್."

"ಹಿರಿಯಡಕದಲ್ಲಾ! ಅಲ್ಲಿಂದ ಇಲ್ಲಿವರೆಗೆ ಬಾಯಿ ಮುಚ್ಚಿ ಕೂತದ್ದಾ? ಹೇಳಿದ್ದರೆ ನಾನು ಇಳಿದು ಬಸ್ಸು ಹಿಡೀತಿದ್ದೆ, ಮಾರಾಯ್ತಿ!"

ಹೆದರಿ ನಾಲಿಗೆ ಏಳಲಿಲ್ಲ ಎಂದು ಅವರು ತಿಳಿದರು. ನಾನೂ ಹಾಗೆಯೇ ಬಿಟ್ಟೆ. ನಿಜ ಅದಲ್ಲ. ಹಿರಿಯಡಕ ದಾಟುತ್ತಿದ್ದಂತೆ ಅತ್ತೆ ಇವರ ಕಡೆ ತಿರುಗಿ, ನನ್ನಂತಹ ಸೊಸೆ ತಂಗಿಗೂ ಸಿಗಲಿಲ್ಲ ಎಂದು ಶುರುಮಾಡಿದ್ದರು. ಮದುವೆಯಾದ ಎಂಟು ವರ್ಷಗಳಲ್ಲಿ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಅದೊಂದು ಮುಗಿಯಲಿ ಎಂದು ಕಾದೆ.