ಆರುನೂರ ಹದಿಮೂರು ಸಾಲುಗಳ ದಂಡಯಾತ್ರೆ

ಸಕಲಕೀಲಿಮಣೆಕುಲಾಧೀಶ್ವರನೂ ಪಾಸ್‌ವರ್ಡ್ ಮರೆತವರ ಪಾಲಿಗೆ ನಿರ್ದಯನೂ ಆದ ಗಣಕರಾಯನು ಮನುಕುಲದ ತಲೆಯ ಮೇಲೆ ಕುಳಿತು ರಾಜ್ಯವಾಳುತ್ತಿರುವ ಈ ಕಲಿಯುಗದಲ್ಲಿ, ಮೈಸೂರೆಂಬ ಮಹಾನಗರದ ಸರಸ್ವತೀಪುರಮೆಂಬ ಪುಣ್ಯಭೂಮಿಯಲ್ಲಿ, ಖಾರಾ ಬನ್ನಿನ ಘಮಲಿನಿಂದ ಮುಂಜಾನೆಯೇ ಪಾವನವಾಗುವ ಬೇಕರಿಯೊಂದರ ಮೇಲಂತಸ್ತಿನಲ್ಲಿ, ಆರು ಕುರ್ಚಿ ಮೂರು ಫ್ಯಾನುಗಳ ವೈಭವದಿಂದ ಮೆರೆಯುತ್ತ, ಊರೂರಿನ ಕ್ಲಿನಿಕ್ಕುಗಳಲ್ಲಿ ರೋಗಿಗಳ ಟೋಕನ್ ಸಂಖ್ಯೆಯನ್ನು ಕೂಗುವ ತಂತ್ರಾಂಶವನ್ನು ಲೋಕಹಿತಾರ್ಥವಾಗಿ ರಚಿಸುತ್ತಿದ್ದ ಸಂಸ್ಥಾನವೊಂದಿತ್ತು. ತಾಯಿ ವಾಗ್ದೇವಿ, ಬಂದು ಒಂದು ಗಳಿಗೆ ನನ್ನ ನಾಲಿಗೆಯ ಮೇಲೆ ಕೂರು. ಅಲ್ಲಿ ನಡೆದ ಘೋರ ಸಂಗ್ರಾಮವನ್ನು ಹಾಡಬೇಕಾಗಿದೆ. ನಗಬೇಡ, ಪೂರ್ತಿ ಕೇಳು.

ಆ ಸಂಸ್ಥಾನದ ಹೆಬ್ಬಾಗಿಲಲ್ಲಿ ಅದೃಶ್ಯ ದ್ವಾರಪಾಲಕನೊಬ್ಬನಿದ್ದ. ಲಿಂಟರ್ ಎಂದು ಅವನ ನಾಮಧೇಯ. ಯಾರು ಕೋಡ್ ಬರೆದು ತಂದರೂ ಒಂದಕ್ಷರ ಬಿಡದೆ ಓದಿ, 'ಈ ಸಾಲು ಉದ್ದವಾಯಿತು, ಇಲ್ಲಿ ಜಾಗ ಬಿಟ್ಟಿಲ್ಲ, ಈ ಹೆಸರನ್ನು ಇಟ್ಟಿರಿ, ಬಳಸಲೇ ಇಲ್ಲ' ಎಂದು ಎಚ್ಚರಿಸುವುದೊಂದೇ ಅವನ ಕಾಯಕ. ಸಂಬಳವಿಲ್ಲ, ರಜೆಯಿಲ್ಲ, ಆದ್ದರಿಂದ ಮರ್ಯಾದೆಯೂ ಇರಲಿಲ್ಲ. ಅವನ ಬಾಯಿ ಮುಚ್ಚಿಸಲೆಂದೇ ಒಂದು ಪಟ್ಟಿ ಇತ್ತು. ಬೇಡವಾದ ಎಚ್ಚರಿಕೆಯನ್ನು ಅದರಲ್ಲೊಂದು ಸಾಲಾಗಿ ಸೇರಿಸಿಬಿಟ್ಟರೆ ದ್ವಾರಪಾಲಕ ಮತ್ತೆಂದೂ ಅದರ ಸೊಲ್ಲೆತ್ತುವಂತಿರಲಿಲ್ಲ. ನಿರ್ಲಕ್ಷ್ಯಪಟ್ಟಿ ಎಂಬುದು ಅದರ ಶಾಸ್ತ್ರೋಕ್ತ ಹೆಸರು. ಆಫೀಸಿನಲ್ಲಿ ಎಲ್ಲರೂ ಅದನ್ನು ಬಿಟ್ಟಾಕು ಫೈಲು ಎನ್ನುತ್ತಿದ್ದರು.

ಸಾಲು ಸೇರಿಸಿದವರು ಪಕ್ಕದಲ್ಲಿ ಕಾರಣವನ್ನೂ ತಮ್ಮ ಹೆಸರನ್ನೂ ಬರೆಯಬೇಕೆಂಬುದು ಸಂಸ್ಥಾನದ ಕಟ್ಟಳೆ. ಬರೆಯುತ್ತಲೂ ಇದ್ದರು, ಪಾಪ. 'ಆಮೇಲೆ ನೋಡೋಣ.' 'ದಸರಾ ಮುಗಿದ ಮೇಲೆ.' 'ಸರ್ ಹೇಳಿದ್ರು.' 'ಇರ್ಲಿ ಬಿಡಿ.' 'ಕರೆಂಟ್ ಹೋಗೋ ಹಾಗಿದೆ.' ಎಂಟು ವರ್ಷಗಳಲ್ಲಿ ಎಂಟು ದಸರಾಗಳು ಸಾಂಗವಾಗಿ ಮುಗಿದವು, ಪಟ್ಟಿ ಆರುನೂರ ಹದಿಮೂರು ಸಾಲಿಗೆ ಬೆಳೆಯಿತು. ಯಾವ ಸಾಲು ಯಾಕೆ ಬಂತೆಂದು ಅದನ್ನು ಬರೆದವರಿಗೇ ನೆನಪಿರಲಿಲ್ಲ.

ಇಂತಿರಲು, ಅರ್ಧವಿರಾಮಾನ್ವೇಷಣಧುರಂಧರೆಯೂ ಆಲಸ್ಯಾರಣ್ಯದಾವಾನಲೆಯೂ ಆದ ಸುಗುಣಾ ಎಂಬ ವೀರವನಿತೆ ಈ ಪಟ್ಟಿಯ ಮೇಲೆ ದಂಡೆತ್ತಿ ಹೊರಟಳು. ಕೋಡಿನ ಶುದ್ಧಿಗಾಗಿ ಎಂದು ಎಲ್ಲರೆದುರು ಹೇಳಿಕೊಂಡಳು. ಅಸಲಿ ಕಾರಣ ಅವಳ ಅತ್ತೆ.

ಅತ್ತೆ ವಿಶಾಲಾಕ್ಷಮ್ಮನವರು ಫೆಬ್ರವರಿಯಲ್ಲೊಂದು ದಿನ ಮೊಣಕಾಲು ನೋವಿಗೆಂದು ಕ್ಲಿನಿಕ್ಕಿಗೆ ಹೋಗಿದ್ದರು. ಕೈಯಲ್ಲಿ ನಲವತ್ತೆರಡನೆಯ ಟೋಕನ್. ಗೋಡೆಯ ಮೇಲಿನ ಯಂತ್ರ, ಅಂದರೆ ಸಾಕ್ಷಾತ್ ಸೊಸೆಯ ಕಂಪನಿಯ ಯಂತ್ರ, ನಲವತ್ತೊಂದನ್ನು ಕೂಗಿತು. ಮತ್ತೆ ನಲವತ್ತೊಂದು ಎಂದಿತು. ಆಮೇಲೆ ನಲವತ್ತೊಂದೇ ಅದಕ್ಕೆ ತಾರಕಮಂತ್ರವಾಯಿತು. ಮಿಕ್ಕವರೆಲ್ಲ ಜಗಳವಾಡಿ ಒಳಗೆ ನುಗ್ಗಿದರು. ಹೈಸ್ಕೂಲ್ ಹೆಡ್‌ಮಿಸ್ ಆಗಿ ನಿವೃತ್ತರಾದ ವಿಶಾಲಾಕ್ಷಮ್ಮ ಮಾತ್ರ ತಮ್ಮ ಸಂಖ್ಯೆ ಕೂಗಲಿ ಎಂದು ಮೂರು ಗಂಟೆ ಕೂತರು. ಅಂದಿನಿಂದ ಬೆಳಗಿನ ಉಪ್ಪಿಟ್ಟಿನ ಜೊತೆ ಸುಗುಣಾಳಿಗೆ ಇದೂ ಬಡಿಸಲ್ಪಡುತ್ತಿತ್ತು: "ಅಲ್ಲ ಕಣೇ, ನಲವತ್ತೊಂದಾದ ಮೇಲೆ ನಲವತ್ತೆರಡು ಅಂತ ಒಂದನೇ ಕ್ಲಾಸ್ ಮಕ್ಕಳಿಗೂ ಗೊತ್ತಲ್ವೇನೇ? ನಿನ್ ಮಿಷನ್ಗೆ ಯಾರೂ ಹೇಳ್ಕೊಡ್ಲಿಲ್ವಾ?"

ತಪ್ಪೆಲ್ಲಿದೆಯೆಂದು ಸುಗುಣಾ ಕೋಡನ್ನು ಮೂರು ಸಲ ಓದಿದ್ದಳು. ಸಿಕ್ಕಿರಲಿಲ್ಲ. ದ್ವಾರಪಾಲಕ ಎಂದೋ ಹೇಳಿರುತ್ತಾನೆ, ಯಾರೋ ಪುಣ್ಯಾತ್ಮರು ಅವನ ಬಾಯಿಗೆ ಬಟ್ಟೆ ತುರುಕಿರುತ್ತಾರೆ ಎಂಬ ಗುಮಾನಿ ಅವಳದು. ಆ ಪುಣ್ಯಾತ್ಮ ಯಾರೆಂಬ ವಿಷಯದಲ್ಲಿ ಗುಮಾನಿಯೂ ಇರಲಿಲ್ಲ, ಖಾತ್ರಿಯೇ ಇತ್ತು. ಈ ಶನಿವಾರ ಅತ್ತೆ ಮತ್ತೆ ಅದೇ ಕ್ಲಿನಿಕ್ಕಿಗೆ ಹೋಗುವವರಿದ್ದರು. ಅಷ್ಟರೊಳಗೆ ತಪ್ಪು ಸಿಗದಿದ್ದರೆ ಸೊಸೆಯಾದವಳು ಆ ಮನೆಯಲ್ಲಿ ತಲೆಯೆತ್ತಿ ಉಪ್ಪಿಟ್ಟು ತಿನ್ನುವ ಹಾಗಿರಲಿಲ್ಲ.

ಸೋಮವಾರ ರಾಜಸಭೆ ನೆರೆಯಿತು. ಸಂಸ್ಥಾನಾಧಿಪತಿ ಫಣಿರಾಜರು ಫೈಲು ತೆರೆದು, ಸರ್ರನೆ ಕೆಳಗಿಳಿದು, ಕೊನೆಯ ಸಾಲಿನ ಸಂಖ್ಯೆಯನ್ನಷ್ಟೇ ನೋಡಿ ಮುಚ್ಚಿದರು. ಎಂಟು ವರ್ಷಗಳಿಂದ ಅವರು ಯಾವ ಫೈಲನ್ನೂ ಬೇರೆ ರೀತಿಯಲ್ಲಿ ಓದಿದವರಲ್ಲ. "ಆರುನೂರ ಹದಿಮೂರಾ! ನೋಡಮ್ಮ, ಶುಕ್ರವಾರ ಊಟದ ಹೊತ್ತಿಗೆ ಹತ್ತು ಸಾಲಿಗಿಂತ ಕಮ್ಮಿ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಆ ಲಿಂಟರನ್ನೇ ಕಿತ್ತಾಕ್ಬಿಡಿ, ಸುಮ್ನೆ ಯಾಕೆ ಗೋಳು?"

ಆಗ ಎದ್ದು ನಿಂತಳು ನೋಡಿ ಸುಗುಣಾ. ಎದುರಿಗೆ ನಿರ್ಲಕ್ಷ್ಯಸಾಮ್ರಾಜ್ಯಸ್ಥಾಪಕ, ನಿಶ್ಚಲಕುರ್ಚಿನಿವಾಸಿ, ಆರುನೂರ ಹದಿಮೂರರಲ್ಲಿ ನಾನೂರು ಸಾಲುಗಳ ಜನಕನಾದ ಹಿರಿಯ ಪ್ರೋಗ್ರಾಮರ್ ನಂಜರಾಜ. 'ಎಲೈ ಆಲಸ್ಯಾಬ್ಧಿಚಂದ್ರಮನೇ! ಶುಕ್ರವಾರದ ಸೂರ್ಯನು ನಡುನೆತ್ತಿಗೇರುವ ಮುನ್ನ ನಿನ್ನೀ ಪಟ್ಟಿಯನ್ನು ನಿರ್ನಾಮಗೊಳಿಸದಿದ್ದರೆ ಈ ಕೀಲಿಮಣೆಯನ್ನು ಮುಟ್ಟೆನು, ಈ ಕುರ್ಚಿಯನ್ನು ಏರೆನು!' ಎಂದು ದಿಕ್ಕುಗಳು ನಡುಗುವಂತೆ ಗರ್ಜಿಸಿದಳೆಂದೇ ನಾನು ಹಾಡಬೇಕು, ಪದ್ಧತಿ ಹಾಗಿದೆ. ಅವಳ ಬಾಯಿಂದ ಬಂದದ್ದು ಇಷ್ಟು: "ಮಾಡ್ತೀನಿ ಸರ್. ಆದ್ರೆ ನಂಜರಾಜ್ ಸರ್ ಹೊಸ ಸಾಲು ಸೇರಿಸ್ಬಾರ್ದು."

'ಎಲೆ ಬಾಲೆ! ಎಂಟು ಸಂವತ್ಸರ ನಾನು ನೆಟ್ಟು ನೀರೆರೆದ ಈ ಮಹಾವೃಕ್ಷದ ಒಂದೆಲೆ ಉದುರಿದರೂ ಮೂರು ಲೋಕದ ಟೋಕನ್ನುಗಳು ತಲ್ಲಣಿಸಿಯಾವು!' ಎಂದು ನಂಜರಾಜನು ಮೀಸೆಯ ಮೇಲೆ ಕೈಯಾಡಿಸಿದನು. ಅಂದರೆ, ಬನ್ನಿನ ಚೂರು ಒರೆಸಿಕೊಳ್ಳುತ್ತ ಹೀಗೆಂದನು: "ಕೆಲ್ಸ ಮಾಡ್ತಿದೆ ತಾನೇ? ಮುಟ್ಟಕ್ ಹೋಗ್ಬೇಡ ಕಣಮ್ಮ. ಮುಟ್ಟಿದ್ರೆ ಇನ್ನೇನೋ ಆಗುತ್ತೆ."

ಯುದ್ಧ ಶುರುವಾಯಿತು. ಮೊದಲ ದಿನ ಸುಗುಣಾ ಪಟ್ಟಿಯ ಮೇಲಿನಿಂದ ಹಿಡಿದು, ಸಾಲಿನ ಕೊನೆಯಲ್ಲಿ ಅನಾಥವಾಗಿ ಬಿದ್ದಿದ್ದ ಖಾಲಿ ಜಾಗಗಳ ಒಂದು ಅಕ್ಷೌಹಿಣಿಯನ್ನು ಅಳಿಸಿಹಾಕಿದಳು. ಎರಡನೆಯ ದಿನ ಅತಿದೀರ್ಘ ಸಾಲುಗಳನ್ನು ನಡುವಿಗೆ ಕತ್ತರಿಸಿ ಚೆಲ್ಲಿದಳು. ಒಂದೊಂದು ತಪ್ಪು ತಿದ್ದಿದಂತೆ ಪಟ್ಟಿಯ ಒಂದೊಂದು ಸಾಲು ನೆಲಕ್ಕುರುಳಿತು. ನಂಜರಾಜ ಬುಧವಾರ ಪ್ರತಿದಾಳಿ ನಡೆಸಿದ. ತನ್ನ ಹೊಸ ಕೋಡಿನ ಆರು ಎಚ್ಚರಿಕೆಗಳನ್ನು ಪಟ್ಟಿಯ ನಡುವೆ ತುರುಕಿ, ಕಾರಣದ ಜಾಗದಲ್ಲಿ 'ಸುಗುಣಾ ನೋಡ್ತಾಳೆ' ಎಂದು ಬರೆದ. ಆಹಾ, ಏನು ನಂಬಿಕೆ! ಅವಳು ಹಲ್ಲು ಕಚ್ಚಿಕೊಂಡು ಆ ಆರನ್ನೂ ಸರಿಪಡಿಸಿದಳು. ಕತ್ತು ಹಿಡಿಯಿತು, ಕಣ್ಣು ಉರಿಯಿತು. ಗುರುವಾರ ಸಂಜೆಗೆ ಉಳಿದದ್ದು ಇನ್ನೂರ ಎಂಟು ಸಾಲು.

ಶುಕ್ರವಾರ ಹನ್ನೆರಡು ಗಂಟೆಗೆ ನೂರ ತೊಂಬತ್ತು ಉಳಿದಿತ್ತು. ಸುಗುಣಾಳಿಗೆ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಫೋನು ಮೊಳಗಿತು. ಅತ್ತೆ. ಅವಳು ಎದ್ದು ಮೆಟ್ಟಿಲ ಬಳಿ ಹೋದಳು.

"ನಾಳೆ ಮೊಣಕಾಲಿಗೆ ಹೋಗ್ತಿದೀನಿ. ಹೋದ್ಸಲದ ಹಾಗೇ ಕೂರಿಸುತ್ತೇನೇ ನಿನ್ ಮಿಷನ್ನು? ಹೇಳ್ಬಿಡು, ಊಟ ಕಟ್ಕೊಂಡೇ ಹೋಗ್ತೀನಿ."

"ಇಲ್ಲ ಅತ್ತೆ, ಈ ಸಲ ಸರಿಯಾಗಿ ಕರೆಯುತ್ತೆ. ನಾನು ಹೇಳ್ತಿದೀನಲ್ಲ."

"ನೀನು ಹೇಳ್ತೀಯ. ಅದು ಹೇಳ್ಬೇಕಲ್ಲ?"

ಬಾಡಿದ ಮುಖದಲ್ಲಿ ಸುಗುಣಾ ತಿರುಗಿ ಬಂದರೆ, ಅವಳ ಕುರ್ಚಿಯ ಸುತ್ತ ಜಯಘೋಷ. ಫಣಿರಾಜರು ಚಪ್ಪಾಳೆ ತಟ್ಟುತ್ತಿದ್ದರು. ನಂಜರಾಜ ಎದೆಯ ಮೇಲೆ ಕೈಕಟ್ಟಿ ವಿನಯಮೂರ್ತಿಯಾಗಿ ನಿಂತಿದ್ದ. ಪರದೆಯ ಮೇಲೆ ಪಟ್ಟಿ ತೆರೆದಿತ್ತು. ನೂರ ತೊಂಬತ್ತು ಸಾಲುಗಳೂ ಮಾಯ! ಅವುಗಳ ಜಾಗದಲ್ಲಿ ಒಂದೇ ಒಂದು ಸಾಲು, ಆ ಸಾಲಿನಲ್ಲಿ ಒಂದೇ ಒಂದು ನಕ್ಷತ್ರ ಚಿಹ್ನೆ. ಗಣಕರಾಯನ ಭಾಷೆಯಲ್ಲಿ ಆ ಚುಕ್ಕಿಗೆ 'ಎಲ್ಲವೂ' ಎಂದರ್ಥ. ಇನ್ನು ಮುಂದೆ ದ್ವಾರಪಾಲಕ ಯಾವುದರ ಬಗ್ಗೆಯೂ ಏನೂ ಹೇಳುವ ಹಾಗಿಲ್ಲ. ಕೆಲಸದಲ್ಲಿರುತ್ತಾನೆ, ಕಣ್ಣು ಕಟ್ಟಿಕೊಂಡು.

"ನಾಲ್ಕು ದಿನದಿಂದ ಒದ್ದಾಡ್ತಿದ್ಯಲ್ಲಮ್ಮ, ನೋಡಕ್ಕಾಗ್ಲಿಲ್ಲ," ಎಂದ ನಂಜರಾಜ. ಅವನ ದನಿಯಲ್ಲಿ ನಿಜವಾದ ಕರುಣೆಯಿತ್ತು. ಅದೇ ದೊಡ್ಡ ಸಂಕಟ.

"ಹತ್ತು ಕೇಳಿದೆ, ಒಂದಕ್ಕೆ ತಂದಿದೀರಿ! ಭಲೇ!" ಎಂದರು ಫಣಿರಾಜರು. "ಲಿಂಟರ್ ಇರ್ಲಿ, ತೆಗೆಯೋದ್ ಬೇಡ. ಎಲ್ಲರಿಗೂ ಬನ್ನು ತರ್ಸಿ."

ಸುಗುಣಾಳ ಮೈ ಉರಿದುಹೋಯಿತು. ನೂರ ತೊಂಬತ್ತು ಸಾಲುಗಳಲ್ಲಿ ಅತ್ತೆಯನ್ನು ಕೂರಿಸಿದ ಸಾಲು ಯಾವುದೆಂದು ತೋರಿಸಿ, ಅದರ ಪಕ್ಕದ ಹೆಸರನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ಈ ಚುಕ್ಕಿವೀರನ ಮಾನ ಹರಾಜು ಹಾಕುವೆನೆಂದು ಶಪಥ ಮಾಡಿದಳು. ಅಳಿಸಿದ ಫೈಲಿನ ಹಳೆಯ ಪ್ರತಿ ಗಣಕದಲ್ಲಿ ಉಳಿದೇ ಇರುತ್ತದೆ. ಎಲ್ಲರೂ ಬನ್ನು ಮೆಲ್ಲುತ್ತಿರುವಾಗ ಅವಳು ಅದನ್ನು ತೆರೆದು ಒಂದೊಂದೇ ಸಾಲು ಓದುತ್ತ ಕೆಳಗಿಳಿದಳು.

ಕೊನೆಯಿಂದ ಮೂರನೆಯದು. ದ್ವಾರಪಾಲಕ ಸ್ಪಷ್ಟವಾಗಿಯೇ ಹೇಳಿದ್ದ: 'ಮುಂದಿನ ಸಂಖ್ಯೆ ಎಂಬ ಹೆಸರನ್ನು ಇಟ್ಟಿದ್ದೀರಿ, ಎಲ್ಲೂ ಬಳಸಿಲ್ಲ.' ಕೌಂಟರಿನ ಹುಡುಗಿ ಗುಂಡಿಯನ್ನು ಬೇಗಬೇಗ ಎರಡು ಸಲ ಒತ್ತಿದರೆ ಮುಂದಿನ ಸಂಖ್ಯೆ ಕೂಗಬೇಕಾದ ಕಡೆ ಈಗಿನ ಸಂಖ್ಯೆ ಎಂದು ಬರೆದಿತ್ತು. ಅಷ್ಟೇ. ಅದಕ್ಕೇ ನಲವತ್ತೊಂದರ ಸಹಸ್ರನಾಮ. ಸುಗುಣಾ ಗೆಲುವಿನಿಂದ ಕಣ್ಣನ್ನು ಬಲಕ್ಕೆ ಹೊರಳಿಸಿ ಕಾರಣ ಓದಿದಳು.

'ನಾಳೆಯಿಂದ ಮದುವೆ ರಜೆ. ಬಂದು ನೋಡ್ತೀನಿ. ಸುಗುಣಾ.'

ಮೂರು ವರ್ಷದ ಹಿಂದಿನ ತಾರೀಖು. ವಿಶಾಲಾಕ್ಷಮ್ಮನವರ ಮಗನನ್ನು ಕೈಹಿಡಿಯುವ ಸಡಗರದಲ್ಲಿ ವಿಶಾಲಾಕ್ಷಮ್ಮನವರನ್ನೇ ಮೂರು ಗಂಟೆ ಕೂರಿಸುವ ಏರ್ಪಾಡನ್ನು ಸ್ವಹಸ್ತದಿಂದ ಮಾಡಿ, ಕೈಗೆ ಮೆಹೆಂದಿ ಹಾಕಿಸಿಕೊಳ್ಳಲು ಎದ್ದು ಹೋಗಿದ್ದಳು. ಅವಳ ಕಿವಿ ಕೆಂಪಾಯಿತು. ನಾಚಿಕೆಯಿಂದ ಕುಗ್ಗಿಹೋದಳು.

"ಏನಮ್ಮ, ಏನೋ ಹೇಳ್ಬೇಕು ಅಂತಿದ್ದ ಹಾಗಿತ್ತು?" ಎಂದರು ಫಣಿರಾಜರು.

"ಏನಿಲ್ಲ ಸರ್. ಬನ್ನು ಚೆನ್ನಾಗಿದೆ."

ಐದು ದಿನದ ಮಹಾಸಮರದಲ್ಲಿ ಮಾಡಲೇಬೇಕಾಗಿದ್ದ ಏಕೈಕ ಪರಾಕ್ರಮವನ್ನು ಅವಳು ಆಗ ಮಾಡಿದಳು: 'ಈಗಿನ' ಎಂಬ ಪದವನ್ನು ಅಳಿಸಿ 'ಮುಂದಿನ' ಎಂದು ಬರೆದು ಕ್ಲಿನಿಕ್ಕಿಗೆ ಕಳಿಸಿದಳು. ಅರ್ಧ ನಿಮಿಷ ಹಿಡಿಯಿತು. ಪಕ್ಕದಿಂದ ನಂಜರಾಜ ಬಗ್ಗಿ ಕೇಳಿದ: "ಸುಗುಣಾ, ಆ ಸ್ಟಾರ್ ಪಕ್ಕ ಕಾರಣ ಏನಂತ ಹಾಕ್ಲಿ? ಕಟ್ಟಳೆ ಅಲ್ವಾ?"

ಅವಳು ತಾನೇ ಬರೆದಳು. 'ಸೋಮವಾರ ನೋಡ್ತೀನಿ. ಸುಗುಣಾ.'

ಶನಿವಾರ ಮಧ್ಯಾಹ್ನ ಎರಡೂವರೆಗೆ ವಿಶಾಲಾಕ್ಷಮ್ಮ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕೂತರು. ಸೊಸೆ ನೀರಿನ ಲೋಟ ಹಿಡಿದು ಓಡಿಬಂದಳು. "ಕರೀತಾ ಅತ್ತೆ?"

"ಕರೀತಂತೆ! ಟೋಕನ್ ಇಪ್ಪತ್ತಾರು. ಹೇಗೂ ಮೂರು ಗಂಟೆ ಕೂರಿಸುತ್ತಲ್ಲ ಅಂತ ನಾನು ಎದುರುಗಡೆ ಹೋಟ್ಲಲ್ಲಿ ಇಡ್ಲಿ ತಿನ್ನಕ್ ಹೋದೆ. ಬರೋದ್ರೊಳಗೆ ಕರೆದು ಮುಂದಕ್ ಹೋಗ್ಬಿಟ್ಟಿತ್ತು. ಆಮೇಲೆ ಬೇರೆ ಟೋಕನ್ ಕೊಟ್ರು, ಎಪ್ಪತ್ತು. ಕೂತೆ ಮೂರು ಗಂಟೆ." ನೀರು ಕುಡಿದು ಲೋಟವನ್ನು ಕುಕ್ಕಿದರು. "ಅಲ್ಲ ಕಣೇ, ಜನ ಬಂದ್ರೋ ಇಲ್ವೋ ಅಂತ ಒಂದು ಗಳಿಗೆ ಕಾಯೋ ತಾಳ್ಮೆ ಬೇಡ್ವೇನೇ ನಿನ್ ಮಿಷನ್ಗೆ?"

ಆರುನೂರ ಹದಿಮೂರು ಸಾಲುಗಳ ಸಂಹಾರಿಣಿ ಖಾಲಿ ಲೋಟ ಎತ್ತಿಕೊಂಡಳು.

"ಸೋಮವಾರ ನೋಡ್ತೀನಿ ಅತ್ತೆ," ಎಂದಳು.